ಮುಂಬೈಯ ಗಾಳಿಯಲ್ಲಿ ಒಳ್ಳೆಯ ಸಿಗಾರ್: ಆರಿಸುವುದು, ಕಾಪಾಡುವುದು, ರುಚಿ ನೋಡುವುದು

ಮುಂಬೈಯ ನಮ್ಮ ಹೋಟೆಲ್ ಕುಟುಂಬಗಳಿಗೆ ಸಿಗಾರ್ ಬರುವ ದಾರಿ ಹೆಚ್ಚಾಗಿ ಒಂದೇ. ದುಬೈಯಲ್ಲೋ ಬಹರೈನ್‌ನಲ್ಲೋ ಇರುವ ಭಾವ ರಜೆಗೆ ಬರುತ್ತಾರೆ. ಜೊತೆಗೆ ಡ್ಯೂಟಿ ಫ್ರೀ ಅಂಗಡಿಯ ಒಂದು ಪೆಟ್ಟಿಗೆ ಬರುತ್ತದೆ. ಅದು ಮಾಟುಂಗಾದ ಮನೆಯ ಶೋಕೇಸ್ ಸೇರುತ್ತದೆ, ಇಲ್ಲವೇ ಕೆಡದಿರಲಿ ಅಂತ ಫ್ರಿಜ್ ಸೇರುತ್ತದೆ. ಕೆಲವು ತಿಂಗಳ ಮೇಲೆ ಮಗಳ ನಿಶ್ಚಿತಾರ್ಥಕ್ಕೋ ಹೊಸ ಹೋಟೆಲ್ ಶುರುವಾದ ಸಂಜೆಗೋ ಒಂದನ್ನು ಹಚ್ಚಿದರೆ ಬಾಯಿಯೆಲ್ಲ ಕಹಿ. ಇಷ್ಟು ದುಡ್ಡು ಕೊಟ್ಟದ್ದು ಇದಕ್ಕಾ ಎಂದು ಎಲ್ಲರೂ ಬ್ರ್ಯಾಂಡನ್ನು ದೂರುತ್ತಾರೆ.

ನಾನು ಕಂಡ ಮಟ್ಟಿಗೆ ಬ್ರ್ಯಾಂಡಿನ ತಪ್ಪು ತೀರಾ ಕಡಿಮೆ. ಕೈಯಲ್ಲಿ ಸುತ್ತಿದ ಒಳ್ಳೆಯ ಸಿಗಾರ್ ಎಂದರೆ ಬರೀ ಎಲೆ. ಅದಕ್ಕೆ ಸಾಮಾನ್ಯವಾಗಿ ರುಚಿಗೆಂದು ಬೇರೆ ಏನನ್ನೂ ಸೇರಿಸಿರುವುದಿಲ್ಲ. ಆ ಎಲೆಯ ರುಚಿ ಹೊರಗೆ ಬರುವುದೂ ಬರದಿರುವುದೂ ಎರಡು ವಿಷಯಗಳ ಮೇಲೆ ನಿಂತಿದೆ: ಎಲೆಯೊಳಗೆ ಎಷ್ಟು ತೇವ ಇದೆ, ಅದು ಎಷ್ಟು ಬಿಸಿಯಲ್ಲಿ ಉರಿಯುತ್ತಿದೆ. ಮಳೆಗಾಲದ ತೇವ, ಎ.ಸಿ. ಕೋಣೆಯ ಒಣಗಾಳಿ, ವರ್ಷವಿಡೀ ಸೆಕೆ, ಇವೆಲ್ಲ ಒಂದೇ ಕಡೆ ಇರುವ ಈ ಊರಿನಲ್ಲಿ ಬೆಲೆಪಟ್ಟಿಗಿಂತ ಇವೆರಡನ್ನು ತಿಳಿದುಕೊಂಡರೆ ಜಾಸ್ತಿ ಉಪಯೋಗ.

ಹೊಗೆಸೊಪ್ಪು ನಮಗೆ ಹೊಸದಲ್ಲ. ಪೋರ್ಚುಗೀಸರು ಇದನ್ನು ಈ ಕರಾವಳಿಗೆ ತಂದರು. ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ಇದನ್ನು ಮೊದಲ ಸಲ ಕಂಡು, 1600ರ ದಶಕದ ಮೊದಲ ವರ್ಷಗಳಲ್ಲಿ ಆಗ್ರಾದ ಆಸ್ಥಾನಕ್ಕೆ ಒಯ್ದ. ಇವತ್ತು ನಿಪ್ಪಾಣಿಯ ಸುತ್ತ ಬೀಡಿಯ ಹೊಗೆಸೊಪ್ಪು ಬೆಳೆಯುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಸಿಗರೇಟಿನ ವರ್ಜೀನಿಯಾ ಬೆಳೆಯುತ್ತದೆ. ಸಿಗಾರ್ ಎಲೆ ಇವೆರಡಕ್ಕಿಂತ ಬೇರೆ. ಆ ವ್ಯತ್ಯಾಸ ಇರುವುದು ಒಣಗಿಸುವ ಬಗೆಯಲ್ಲಿ.

ಹುಣಸೂರಿನಲ್ಲಿ ಎಲೆಯನ್ನು ಬ್ಯಾರನ್ ಎಂಬ ಒಣಗಿಸುವ ಮನೆಗೆ ಹಾಕಿ ಬಿಸಿ ಕೊಟ್ಟು ಕೆಲವೇ ದಿನಗಳಲ್ಲಿ ಹದ ಮಾಡುತ್ತಾರೆ. ಎಲೆ ಬೇಗ ಸಾಯುತ್ತದೆ. ಅದರೊಳಗಿನ ಸಕ್ಕರೆ ಹಾಗೇ ಉಳಿಯುತ್ತದೆ, ಬಣ್ಣ ಹೊಂಬಣ್ಣ. ಸಿಗಾರ್ ಎಲೆಯನ್ನು ಗಾಳಿಯಾಡುವ ದೊಡ್ಡ ಕೊಟ್ಟಿಗೆಯಲ್ಲಿ ನೇತುಹಾಕಿ ವಾರಗಟ್ಟಲೆ ಬಿಡುತ್ತಾರೆ. ಎಲೆ ನಿಧಾನವಾಗಿ ಒಣಗುತ್ತಾ ತನ್ನೊಳಗಿನ ಸಕ್ಕರೆಯನ್ನು ತಾನೇ ಬಳಸಿಕೊಳ್ಳುತ್ತದೆ, ಕಂದಾಗುತ್ತದೆ. ಆಮೇಲೆ ಎಲೆಗಳನ್ನು ಆಳೆತ್ತರ ಒಟ್ಟಿ ಹುದುಗಲು ಬಿಡುತ್ತಾರೆ. ಈ ಒಟ್ಟಿಲಿಗೆ ಸ್ಪ್ಯಾನಿಷ್‌ನಲ್ಲಿ ಪಿಲೋನ್ ಎನ್ನುತ್ತಾರೆ. ಬೆಂಕಿ ಇಲ್ಲದೆಯೇ ಅದರ ಒಳಗಡೆ ಬಿಸಿ ಏರುತ್ತದೆ, ಅಮೋನಿಯಾ ಹೊರಗೆ ಹೋಗುತ್ತದೆ, ಒರಟುತನ ಕಳೆಯುತ್ತದೆ. ಬಿಸಿ ಮಿತಿ ಮೀರುವ ಮುನ್ನ ಒಟ್ಟಿಲನ್ನು ಬಿಚ್ಚಿ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ದಪ್ಪ ಎಲೆಗೆ ಇದು ವರ್ಷ ದಾಟುವುದೂ ಉಂಟು. ಹೊಸ ಸಿಗಾರ್‌ನ ತುದಿಯನ್ನು ಮೂಸಿದಾಗ ಮೂಗಿಗೆ ಚುಚ್ಚುವಂಥ ವಾಸನೆ ಬಂದರೆ, ಈ ಕೆಲಸ ಅವಸರದಲ್ಲಿ ಆಗಿದೆ ಎಂದು ತಿಳಿಯಿರಿ.

ಇಲ್ಲಿಂದಲೇ ಒಂದು ದೊಡ್ಡ ವಿಷಯ ಹುಟ್ಟುತ್ತದೆ. ಸಿಗರೇಟಿನ ಹೊಗೆ ಸ್ವಲ್ಪ ಆಮ್ಲೀಯ. ಅದರ ನಿಕೋಟಿನ್ ಬಾಯಿಯ ಚರ್ಮದ ಮೂಲಕ ಸರಿಯಾಗಿ ಇಳಿಯುವುದಿಲ್ಲ, ಶ್ವಾಸಕೋಶಕ್ಕೆ ಹೋಗಬೇಕು. ಸಿಗಾರ್ ಹೊಗೆ ಕ್ಷಾರೀಯ. ಅದರ ನಿಕೋಟಿನ್ ಬಾಯಿಯೊಳಗಿಂದಲೇ ರಕ್ತ ಸೇರುತ್ತದೆ. ಹಾಗಾಗಿ ಸಿಗಾರ್ ಹೊಗೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಬಾಯಲ್ಲಿ ನಿಲ್ಲಿಸಿ, ಬಿಡುತ್ತಾರೆ. ರುಚಿ ಬಾಯಲ್ಲೇ ನಿಲ್ಲುವುದು ಇದರಿಂದ. ಅಪಾಯವೂ ಅಲ್ಲೇ ಕೂತಿರುತ್ತದೆ. ಒಳಗೆ ಎಳೆಯದಿದ್ದರೂ ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರ್ ಅಪಾಯ ಏರುತ್ತದೆ. ಇದು ಅನುಮಾನದ ಮಾತಲ್ಲ. ಒಂದು ಸಿಗರೇಟಿನಲ್ಲಿ ಹೊಗೆಸೊಪ್ಪು ಒಂದು ಗ್ರಾಂಗಿಂತ ಕಡಿಮೆ. ಸಾಧಾರಣ ದಪ್ಪದ ಸಿಗಾರ್‌ನಲ್ಲಿ ಸುಮಾರು 10 ಗ್ರಾಂ, ಕೆಲವು ದೊಡ್ಡ ಸಿಗಾರ್‌ಗಳಲ್ಲಿ ಒಂದು ಇಡೀ ಪ್ಯಾಕಿನಷ್ಟು. ಹೊಗೆ ಸೇದದವರು ಈ ಲೇಖನ ಓದಿ ಶುರು ಮಾಡಬೇಕಾಗಿಲ್ಲ. ದಿನಾ ಸೇದುವ ವಸ್ತು ಇದು ಅಲ್ಲವೇ ಅಲ್ಲ. ವಿಶೇಷ ದಿನಕ್ಕೆ ಹೇಗೂ ಹಚ್ಚುವವರು ತಿಳಿದು ಹಚ್ಚಲಿ ಎಂಬುದಷ್ಟೇ ನನ್ನ ಕಾಳಜಿ.

ಈಗ ಸಿಗಾರ್ ಬಿಚ್ಚಿ ನೋಡೋಣ. ಒಳಗೆ ಮಡಿಸಿಟ್ಟ ಎಲೆಗಳು ಫಿಲ್ಲರ್. ಅವನ್ನು ಕಟ್ಟಿ ಹಿಡಿಯುವುದು ಬೈಂಡರ್. ಮೇಲಿನ ನುಣುಪಾದ ಹೊದಿಕೆ ರ್ಯಾಪರ್. ಪ್ರೀಮಿಯಂ ಎಂದು ಕರೆಸಿಕೊಳ್ಳುವ ಸಿಗಾರ್‌ನಲ್ಲಿ ಫಿಲ್ಲರ್ ಕೂಡ ಉದ್ದುದ್ದ ಎಲೆಯೇ, ಪುಡಿಯಲ್ಲ. ಅದನ್ನು ಕೈಯಲ್ಲೇ ಸುತ್ತಿರುತ್ತಾರೆ. ಅಗ್ಗದ ಯಂತ್ರದ ಸಿಗಾರ್‌ನಲ್ಲಿ ಚೂರು ಎಲೆ ತುಂಬಿರುತ್ತಾರೆ. ಅದು ಬೇಗ ಉರಿಯುತ್ತದೆ, ಬಿಸಿಯಾಗುತ್ತದೆ, ಬಾಯಿಗೆ ಪುಡಿ ಬರುತ್ತದೆ.

ಫಿಲ್ಲರ್‌ನ ಎಲೆ ಗಿಡದ ಯಾವ ಮಟ್ಟದಿಂದ ಬಂತು ಎಂಬುದು ಮುಖ್ಯ. ಕೆಳಗಿನ ಎಲೆ ವೊಲಾಡೊ. ತೆಳು, ಚೆನ್ನಾಗಿ ಉರಿಯುತ್ತದೆ, ರುಚಿ ಕಡಿಮೆ. ನಡುವಿನದು ಸೆಕೊ. ಪರಿಮಳ ಇದರದ್ದೇ. ಮೇಲಿನದು ಲಿಹೆರೊ. ಹೆಚ್ಚು ಬಿಸಿಲು ಕಂಡ ಎಲೆ, ದಪ್ಪ, ಎಣ್ಣೆಯಂಶ ಜಾಸ್ತಿ, ನಿಕೋಟಿನ್ ಜಾಸ್ತಿ, ಉರಿಯುವುದು ನಿಧಾನ. ಲಿಹೆರೊವನ್ನು ಸುತ್ತುವವರು ನಟ್ಟನಡುವೆ ಇಡುತ್ತಾರೆ. ಅಂಚಿಗೆ ಬಂದರೆ ಒಂದು ಕಡೆ ಉರಿ ಹಿಂದೆ ಬೀಳುತ್ತದೆ. ಸುತ್ತುವವರ ಕೈಚಳಕ ಎಂದು ನಾವು ಹೊಗಳುವುದರಲ್ಲಿ ದೊಡ್ಡ ಪಾಲು ಈ ಜೋಡಣೆಯದ್ದು.

ರ್ಯಾಪರ್ ಬಣ್ಣ ನೋಡಿ ಜನ ಮೋಸಹೋಗುತ್ತಾರೆ. ಕಪ್ಪಗಿದ್ದರೆ ಖಡಕ್, ತಿಳಿಯಿದ್ದರೆ ಸಪ್ಪೆ ಎಂದುಕೊಳ್ಳುತ್ತಾರೆ. ಮಡುರೊ ಎಂಬ ಗಾಢ ಕಂದು ರ್ಯಾಪರ್ ಕಪ್ಪಾಗುವುದು ಹೆಚ್ಚು ಕಾಲ, ಹೆಚ್ಚು ಬಿಸಿಯಲ್ಲಿ ಹುದುಗಿದ್ದರಿಂದ. ಅದರ ಹೊಗೆ ಅನೇಕ ಸಲ ಸಿಹಿಯ ಕಡೆಗೇ ವಾಲುತ್ತದೆ. ಕನೆಕ್ಟಿಕಟ್ ಶೇಡ್ ಎಂಬ ತಿಳಿಬಣ್ಣದ ಎಲೆಯನ್ನು ಬಟ್ಟೆಯ ಚಪ್ಪರದ ಕೆಳಗೆ ಬೆಳೆಯುತ್ತಾರೆ. ನೆರಳಿನಲ್ಲಿ ಎಲೆ ತೆಳ್ಳಗಾಗುತ್ತದೆ, ನರ ಸಣ್ಣದಾಗುತ್ತದೆ. ಇದೇ ತಳಿಯನ್ನು ಎಕ್ವಡೋರ್‌ನಲ್ಲೂ ಬೆಳೆಯುತ್ತಾರೆ. ಅಲ್ಲಿ ಮೋಡವೇ ಚಪ್ಪರ.

ಇದರ ಜೊತೆಗೇ ಇನ್ನೊಂದು ಗೊಂದಲ ಬಿಡಿಸಬೇಕು. ಅಂಗಡಿಯವರು ‘ಸ್ಟ್ರಾಂಗ್’ ಎನ್ನುವಾಗ ಮೂರು ಬೇರೆ ಬೇರೆ ಗುಣಗಳನ್ನು ಒಂದೇ ಮಾತಿನಲ್ಲಿ ತುರುಕುತ್ತಾರೆ. ಫಿಲ್ಟರ್ ಕಾಫಿ ಕುಡಿಯುವ ನಮಗೆ ಇದು ಸುಲಭವಾಗಿ ತಿಳಿಯಬೇಕು. ಚಿಕೋರಿ ಜಾಸ್ತಿ ಹಾಕಿದ ಡಿಕಾಕ್ಷನ್ ಕಪ್ಪಗಿರುತ್ತದೆ, ನಾಲಗೆಗೆ ಮಂದವಾಗಿರುತ್ತದೆ. ಆದರೆ ಚಿಕೋರಿಯಲ್ಲಿ ಕೆಫೀನ್ ಇಲ್ಲ. ಅಂದರೆ ಮಂದ ಇದೆ, ಕಿಕ್ ಕಡಿಮೆ. ಅಪ್ಪಟ ರೊಬಸ್ಟಾ ಬೀಜದ ತೆಳು ಕಾಫಿ ನೋಡಲು ತಿಳಿಯಾದರೂ ನಿದ್ದೆ ಓಡಿಸುತ್ತದೆ. ಪ್ಲಾಂಟೇಷನ್ ಎ ಬೀಜದ ಪರಿಮಳ ಇವೆರಡಕ್ಕೂ ಸೇರದ ಮೂರನೆಯ ವಿಷಯ. ಸಿಗಾರ್‌ನಲ್ಲೂ ಹೀಗೇ. ನಿಕೋಟಿನ್‌ನಿಂದ ಬರುವ ಹೊಡೆತ ಒಂದು, ಹೊಗೆ ಬಾಯಿ ತುಂಬುವ ಮಂದ ಇನ್ನೊಂದು, ರುಚಿ-ಪರಿಮಳ ಮತ್ತೊಂದು. ಅಂಗಡಿಗೆ ಹೋದಾಗ ‘ಹೊಡೆತ ಕಡಿಮೆ, ಪರಿಮಳ ಜಾಸ್ತಿ ಇರುವುದು ಕೊಡಿ’ ಎಂದು ಬಿಡಿಸಿ ಕೇಳಿ. ತಿಳಿದ ಅಂಗಡಿಯವರಿಗೆ ಆ ಒಂದು ಮಾತು ಸಾಕು.

ಊರಿನ ಹೆಸರುಗಳ ಬಗ್ಗೆ ಸ್ವಲ್ಪ. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತದ ವುವೆಲ್ಟಾ ಅಬಾಹೊ ಸೀಮೆಯ ಎಲೆಗೆ ದೊಡ್ಡ ಹೆಸರು. ನಿಕರಾಗುವಾದ ಎಸ್ತೆಲಿಯ ಕಪ್ಪು ಮಣ್ಣು ಮೆಣಸಿನ ಖಾರದಂಥ ಗುಣಕ್ಕೆ ಹೆಸರುವಾಸಿ. ಡೊಮಿನಿಕನ್ ರಿಪಬ್ಲಿಕ್‌ನ ಸಿಬಾವೊ ಕಣಿವೆಯದ್ದು ಸಾಮಾನ್ಯವಾಗಿ ಮೃದು. 1959ರ ಕ್ರಾಂತಿಯ ನಂತರ ಕ್ಯೂಬಾದ ಸಿಗಾರ್ ಕಾರ್ಖಾನೆಗಳು ಸರ್ಕಾರದ ಕೈಗೆ ಹೋದವು. ಅನೇಕ ಮನೆತನಗಳು ಬೀಜ ಮತ್ತು ಕಸುಬು ಹೊತ್ತು ಹೊರಟವು. 1962ರಲ್ಲಿ ಅಮೆರಿಕ ಕ್ಯೂಬಾದ ಜೊತೆಗಿನ ವ್ಯಾಪಾರ ನಿಲ್ಲಿಸಿತು. ಇದರ ಫಲವಾಗಿ ಒಂದೇ ಹೆಸರಿನ ಎರಡು ಸಿಗಾರ್‌ಗಳು ಹುಟ್ಟಿದವು. ಕೊಹಿಬಾ, ಮಾಂಟೆಕ್ರಿಸ್ಟೊ, ರೋಮಿಯೊ ಇ ಹುಲಿಯೆಟಾ, ಪಾರ್ತಗಾಸ್ ಹೆಸರುಗಳು ಕ್ಯೂಬಾದಲ್ಲೂ ಇವೆ, ಅಮೆರಿಕದ ಮಾರುಕಟ್ಟೆಗಾಗಿ ಕ್ಯೂಬಾದ ಹೊರಗೆ ತಯಾರಾಗುವ ಸಿಗಾರ್‌ಗಳಲ್ಲೂ ಇವೆ. ನ್ಯೂಜೆರ್ಸಿಯ ಅಣ್ಣ ತಂದ ಕೊಹಿಬಾ ಬೇರೆ, ದುಬೈ ಭಾವ ತಂದದ್ದು ಬೇರೆ. ಎರಡೂ ಅಸಲಿಯೇ ಆಗಿರಬಹುದು. ರುಚಿ ಒಂದೇ ಇರಲಿ ಎಂದು ಬಯಸುವುದು ಸರಿಯಲ್ಲ.

ಆದರೆ ನಕಲಿಗಳೂ ತುಂಬಾ ಇವೆ. ಗಾಜಿನ ಮುಚ್ಚಳದ ಕೊಹಿಬಾ ಪೆಟ್ಟಿಗೆ ಕಂಡರೆ ಅದು ನಕಲಿ, ಕೈ ಹಾಕಬೇಡಿ. ಅಸಲಿ ಕ್ಯೂಬನ್ ಪೆಟ್ಟಿಗೆಯ ತಳದಲ್ಲಿ ಮುದ್ರೆ ಇರುತ್ತದೆ: ಹಬಾನೋಸ್ ಎಸ್.ಎ. ಎಂಬ ಕಂಪನಿಯ ಹೆಸರು, ಕ್ಯೂಬಾದಲ್ಲಿ ತಯಾರಾದದ್ದು ಮತ್ತು ಪೂರ್ತಿ ಕೈಯಿಂದ ಮಾಡಿದ್ದು ಎಂಬ ಸ್ಪ್ಯಾನಿಷ್ ಬರಹ. ಜೊತೆಗೆ ಕಾರ್ಖಾನೆಯ ಗುಟ್ಟಿನ ಅಕ್ಷರಗಳು, ಪೆಟ್ಟಿಗೆ ತುಂಬಿದ ತಿಂಗಳು ಮತ್ತು ವರ್ಷ. ತಿಂಗಳು ಸ್ಪ್ಯಾನಿಷ್‌ನಲ್ಲಿರುತ್ತದೆ. ಜನವರಿಗೆ ಎನೆ, ಆಗಸ್ಟ್‌ಗೆ ಅಗೊ. ಮೇಲೆ ಹಸಿರು ವಾರಂಟಿ ಚೀಟಿ, ಅದರ ಮೇಲೆ ಬಾರ್‌ಕೋಡ್. ಹೊಸ ಪೆಟ್ಟಿಗೆಯ ಬಾರ್‌ಕೋಡನ್ನು ಹಬಾನೋಸ್ ಕಂಪನಿಯ ವೆಬ್‌ಸೈಟಿನಲ್ಲಿ ಪರೀಕ್ಷಿಸಬಹುದು. 2022ರಲ್ಲಿ ಆ ಕಂಪನಿ ಕೊಹಿಬಾ ಮತ್ತು ಟ್ರಿನಿಡಾಡ್ ಬ್ರ್ಯಾಂಡ್‌ಗಳ ಬೆಲೆಯನ್ನು ಜಗತ್ತಿನೆಲ್ಲೆಡೆ ಭಾರೀ ಏರಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊದ ಒಣಗಿಸುವ ಕೊಟ್ಟಿಗೆಗಳನ್ನು ಸಾಲುಸಾಲಾಗಿ ಕೆಡವಿತು. ಹೀಗಿರುವಾಗ ಯಾರಾದರೂ ಅರ್ಧ ಬೆಲೆಗೆ ಕೊಹಿಬಾ ಕೊಡುತ್ತೇನೆ ಎಂದರೆ ಯೋಚಿಸಿ. ನನ್ನನ್ನು ಕೇಳಿದರೆ, ಮೊದಲ ಸಲ ಕೊಳ್ಳುವವರಿಗೆ ಕ್ಯೂಬಾವೇ ಬೇಕೆಂದಿಲ್ಲ. ನಿಕರಾಗುವಾದ ಒಳ್ಳೆಯ ಕಾರ್ಖಾನೆಗಳ ಕಟ್ಟುವಿಕೆ ಈಗ ಎಷ್ಟೋ ನಂಬಿಕಸ್ಥ.

ವಿದೇಶದಿಂದ ತರುವವರಿಗೆ ಒಂದು ಮಾತು. 2016ರ ಬ್ಯಾಗೇಜ್ ನಿಯಮಗಳಲ್ಲಿ ಸುಂಕವಿಲ್ಲದೆ ತರಲು ಬಿಟ್ಟಿದ್ದು 25 ಸಿಗಾರ್. ಭಾವನಿಗೆ ಹೇಳುವ ಮೊದಲು ಈಗ ಜಾರಿಯಲ್ಲಿರುವ ನಿಯಮ ನೋಡಿಕೊಳ್ಳಿ.

ಗಾತ್ರಕ್ಕೆ ಬರೋಣ. ದಪ್ಪವನ್ನು ರಿಂಗ್ ಗೇಜ್‌ನಲ್ಲಿ ಅಳೆಯುತ್ತಾರೆ. ಒಂದು ಇಂಚನ್ನು 64 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ರಿಂಗ್. 50 ರಿಂಗ್ ಎಂದರೆ ಸುಮಾರು 20 ಮಿಲಿಮೀಟರ್. ರೋಬುಸ್ಟೊ ಎಂಬ ಗಾತ್ರ ಸಾಮಾನ್ಯವಾಗಿ 5 ಇಂಚು ಉದ್ದ, 50 ರಿಂಗ್. ಟೋರೊ 6 ಇಂಚು, 50ರ ಆಸುಪಾಸು. ಕೊರೊನಾ ಐದೂವರೆ ಇಂಚು, 42. ಚರ್ಚಿಲ್ 7 ಇಂಚು, 47. ಲ್ಯಾನ್ಸೆರೊ ಏಳೂವರೆ ಇಂಚು, 38. ದಪ್ಪ ಕಡಿಮೆ ಇರುವ ಸಿಗಾರ್‌ನಲ್ಲಿ ಒಳಗಿನ ಎಲೆಗೆ ಹೋಲಿಸಿದರೆ ಹೊದಿಕೆಯ ಪಾಲು ಜಾಸ್ತಿ. 57 ರಿಂಗ್‌ಗಿಂತ 38 ರಿಂಗ್‌ನಲ್ಲಿ ಅದು ಒಂದೂವರೆ ಪಟ್ಟು. ರ್ಯಾಪರ್‌ನ ರುಚಿ ತಿಳಿಯಬೇಕಾದರೆ ತೆಳ್ಳಗಿನದೇ ಸರಿ. ದಪ್ಪದ್ದು ತಂಪಾಗಿ ಉರಿಯುತ್ತದೆ, ತಪ್ಪು ಮಾಡಿದರೂ ಕ್ಷಮಿಸುತ್ತದೆ. ಆದರೆ ಹೊತ್ತು ಬೇಕು. ರೋಬುಸ್ಟೊಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಚರ್ಚಿಲ್‌ಗೆ ಒಂದೂವರೆ ಗಂಟೆ ಹಿಡಿಯಬಹುದು. ರಾತ್ರಿ ಹನ್ನೊಂದಕ್ಕೆ ಗಲ್ಲಾ ಮುಚ್ಚಿ ಕೂರುವವರು ಚರ್ಚಿಲ್ ಹಚ್ಚಬಾರದು. ಅವಸರಕ್ಕೆ ಬಿದ್ದರೆ ಎಲೆ ಕಾಯುತ್ತದೆ, ಕಹಿಯಾಗುತ್ತದೆ. ಅವರಿಗೆ ಕೊರೊನಾಗಿಂತ ಗಿಡ್ಡದಾದ ಪೆಟಿಟ್ ಕೊರೊನಾ ಸಾಕು.

ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಸಿಗಾರನ್ನಲ್ಲ, ಅಂಗಡಿಯ ಹ್ಯುಮಿಡಾರ್, ಅಂದರೆ ಸಿಗಾರ್‌ನ ತೇವ ಕಾಯುವ ಪೆಟ್ಟಿಗೆ ಅಥವಾ ಕಪಾಟು. ಒಳಗೆ ತೇವ ತೋರಿಸುವ ಮೀಟರ್ ಇದೆಯಾ? ಶೇಕಡಾ 65ರಿಂದ 70 ತೋರಿಸುತ್ತಿದೆಯಾ? ಪಾನ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕಾದು ಕೂತದ್ದನ್ನು ಯಾವ ಬೆಲೆಗೂ ಕೊಳ್ಳಬೇಡಿ. ಆಮೇಲೆ ಅನುಮತಿ ಕೇಳಿ ಹೆಬ್ಬೆರಳು, ತೋರುಬೆರಳಿನ ನಡುವೆ ಮೆತ್ತಗೆ ಒತ್ತಿ ನೋಡಿ. ಸ್ವಲ್ಪ ಒಳಸರಿದು ಮತ್ತೆ ಏಳಬೇಕು. ಚರಚರ ಸದ್ದು ಬಂದರೆ ಒಣಗಿದೆ. ಒತ್ತಿದ ಗುಂಡಿ ಹಾಗೇ ನಿಂತರೆ ತೇವ ಮೀರಿದೆ. ಉದ್ದಕ್ಕೂ ಬೆರಳಾಡಿಸುವಾಗ ಒಂದೆಡೆ ಗಟ್ಟಿ ಗಂಟು ಸಿಕ್ಕರೆ ಹೊಗೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೆಡೆ ಪೊಳ್ಳಾಗಿದ್ದರೆ ಅಲ್ಲಿ ಬಿಸಿ ಉಕ್ಕುತ್ತದೆ. ಗುಂಡುಪಿನ್ನಿನಷ್ಟು ತೂತು ಕಂಡರೆ ಹುಳು ಬಿದ್ದಿದೆ. ಒಂದು ಸಿಗಾರ್‌ನಲ್ಲಿ ತೂತಿದ್ದರೆ ಆ ಪೆಟ್ಟಿಗೆಯನ್ನೇ ಬಿಡಿ.

ಇನ್ನು ಮನೆಯಲ್ಲಿ ಕಾಪಾಡುವುದು. ಮುಂಬೈಯಲ್ಲಿ ಸಿಗಾರ್‌ಗೆ ಕೊಟ್ಟ ದುಡ್ಡು ಉಳಿಯುವುದೂ ಹಾಳಾಗುವುದೂ ಇಲ್ಲಿ.

ಎಲೆ ಸುತ್ತಲಿನ ಗಾಳಿಯಿಂದ ತೇವ ಹೀರುತ್ತದೆ, ಒಣಗಾಳಿಗೆ ತೇವ ಬಿಡುತ್ತದೆ. ಜುಲೈ, ಆಗಸ್ಟಿನಲ್ಲಿ ಇಲ್ಲಿನ ಗಾಳಿಯ ತೇವ 80ರ ಮೇಲೆ. ಹೊರಗಿಟ್ಟ ಸಿಗಾರ್ ಉಬ್ಬುತ್ತದೆ, ರ್ಯಾಪರ್ ಬಿರಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಹಚ್ಚಿದರೆ ಮತ್ತೆ ಮತ್ತೆ ಆರುತ್ತದೆ. ಆ ನೀರೆಲ್ಲ ಆವಿಯಾಗಿ ಬರುವಾಗ ಹೊಗೆ ಹುಳಿ, ಕಹಿ. ಎ.ಸಿ. ಕೋಣೆ ಇದಕ್ಕೆ ತಿರುವುಮುರುವು. ಎ.ಸಿ. ಗಾಳಿಯ ನೀರು ತೆಗೆಯುತ್ತದೆ. ಸಿಗಾರ್ ಒಣಗುತ್ತದೆ, ಭರಭರ ಉರಿಯುತ್ತದೆ, ನಾಲಗೆ ಸುಡುತ್ತದೆ. ಫ್ರಿಜ್ ಕೂಡ ಒಣಗಿಸುತ್ತದೆ. ಸಾಲದ್ದಕ್ಕೆ ನಿನ್ನೆಯ ಮೀನುಸಾರಿನ ವಾಸನೆಯನ್ನೂ ಎಲೆಗೆ ಹತ್ತಿಸುತ್ತದೆ. ಫ್ರಿಜ್ ಸಿಗಾರ್ ಇಡುವ ಜಾಗವಲ್ಲ.

ಮರದ ಹ್ಯುಮಿಡಾರ್‌ಗೆ ಬಳಸುವ ಸ್ಪ್ಯಾನಿಷ್ ಸೀಡರ್ ನಿಜಕ್ಕೂ ಸೀಡರ್ ಅಲ್ಲ, ನಮ್ಮ ಬೇವಿನ ಕುಟುಂಬಕ್ಕೆ ಸೇರಿದ ಮರ. ತೇವ ಹಿಡಿದಿಡುತ್ತದೆ, ಪರಿಮಳ ಒಳ್ಳೆಯದು. ಆದರೆ ಅಂದದ ಮರದ ಪೆಟ್ಟಿಗೆಗಳ ಮುಚ್ಚಳ ಎಷ್ಟೋ ಸಲ ಗಾಳಿ ತಡೆಯುವುದಿಲ್ಲ. ಹತ್ತಿಪ್ಪತ್ತು ಸಿಗಾರ್ ಇರುವವರಿಗೆ ಅಡುಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೇ ಉತ್ತಮ. ಹೊಸ ಡಬ್ಬಿ ಬೇಕು. ತೊಳೆದು, ಒಣಗಿಸಿ, ವಾಸನೆ ಪೂರ್ತಿ ಹೋದ ಮೇಲೆ ಬಳಸಿ. ಒಳಗೆ ತೇವ ಕೊಡುವ, ಹೆಚ್ಚಾದದ್ದನ್ನು ಹೀರುವ ಹ್ಯುಮಿಡಿಟಿ ಪ್ಯಾಕೆಟ್ ಇಡಿ. 62, 65, 69, 72 ಎಂದು ಅವುಗಳ ಮೇಲೆ ನಂಬರ್ ಇರುತ್ತದೆ. ಹೊರದೇಶದ ಸಲಹೆಗಳು 69 ಎನ್ನುತ್ತವೆ. ಅಲ್ಲಿನ ಕೋಣೆ 18ರಿಂದ 21 ಡಿಗ್ರಿ. ಇಲ್ಲಿ 28, 30. ಸೆಕೆಯ ಊರಿನಲ್ಲಿ 65, ಮಳೆಗಾಲದಲ್ಲಿ 62 ಇಡುವುದು ಒಳ್ಳೆಯದು. ಬೂಷ್ಟಿನ ಭಯ ಕಡಿಮೆ, ಉರಿ ಕೂಡ ಸಮ.

ಮೀಟರ್ ಸರಿ ಇದೆಯಾ ಎಂದು ತಿಳಿಯಲು ಅಡುಗೆ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಪೂರ್ತಿ ಕರಗಬಾರದು. ಆ ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಚೀಲದಲ್ಲಿ ಹಾಕಿ ಒಂದು ರಾತ್ರಿ ಬಿಡಿ. ಉಪ್ಪಿನ ಗಟ್ಟಿ ದ್ರಾವಣದ ಮೇಲಿನ ಗಾಳಿಯ ತೇವ 75ಕ್ಕೆ ನಿಲ್ಲುತ್ತದೆ. ಬೆಳಗ್ಗೆ ಮೀಟರ್ 71 ತೋರಿಸಿದರೆ ಅದು 4 ಕಡಿಮೆ ಓದುತ್ತಿದೆ. ಅಷ್ಟನ್ನು ಸೇರಿಸಿಕೊಂಡು ಓದಿ.

ಹುಳುವಿನ ಕಾಟ ಸೆಕೆಯ ಊರಿನಲ್ಲಿ ನಿಜವಾದ ಕಾಟ. ಅರಿಶಿನ, ಮೆಣಸಿನಪುಡಿ ಡಬ್ಬಿಯಲ್ಲಿ ಕಾಣುವ ಸಣ್ಣ ಕಂದು ಹುಳುವೇ ಇದು. ಮೊಟ್ಟೆ ಎಲೆಯೊಳಗೆ ಬಂದಿರಬಹುದು. 24 ಡಿಗ್ರಿ ದಾಟಿದರೆ ಮರಿಯಾಗುವ ಸಾಧ್ಯತೆ ಏರುತ್ತದೆ. ಮುಂಬೈ ವರ್ಷದ ಬಹುಪಾಲು ಅದನ್ನು ದಾಟಿಯೇ ಇರುತ್ತದೆ. ಅದಕ್ಕೇ ಎಲ್ಲಿಂದಲೋ ಬಂದ ಹೊಸ ಸಿಗಾರನ್ನು ಎರಡು ಜಿಪ್ ಚೀಲದಲ್ಲಿ ಭದ್ರವಾಗಿ ಹಾಕಿ, ಒಂದು ದಿನ ಫ್ರಿಜ್, ಮೂರು ದಿನ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್, ಆಮೇಲೆ ಹೊರಗೆ ಎಂಬ ಕ್ರಮ ಅನುಸರಿಸಿ. ಫ್ರಿಜ್ ಬೇಕಾಗುವುದು ಈ ಒಂದು ಕೆಲಸಕ್ಕೆ. ನಿಧಾನವಾಗಿ ತಣಿಸಿ, ನಿಧಾನವಾಗಿ ಬಿಸಿಗೆ ತಂದರೆ ರ್ಯಾಪರ್ ಬಿರಿಯದು. ಒಣಗಿದ ಸಿಗಾರನ್ನು ಸರಿಪಡಿಸುವುದೂ ಹೀಗೇ ನಿಧಾನದ ಕೆಲಸ. ನೀರು ಚಿಮುಕಿಸಬೇಡಿ. ಡಬ್ಬಿಯಲ್ಲಿಟ್ಟು ವಾರಗಟ್ಟಲೆ ಕಾಯಿರಿ. ತೇವ ಮರಳುತ್ತದೆ. ಹಾರಿಹೋದ ಎಣ್ಣೆಯಂಶ ಮಾತ್ರ ಮರಳುವುದಿಲ್ಲ.

ಈಗ ರುಚಿ ನೋಡುವುದು. ಖಾಲಿ ಹೊಟ್ಟೆಯಲ್ಲಿ ಬೇಡ. ನಿಕೋಟಿನ್ ಹೊಡೆತಕ್ಕೆ ಬೆವರು, ತಲೆಸುತ್ತು, ವಾಕರಿಕೆ ಬರುತ್ತದೆ. ಹಾಗಾದರೆ ಅಲ್ಲಿಗೇ ನಿಲ್ಲಿಸಿ ಕೂತುಬಿಡಿ. ಜಾಗವನ್ನೂ ನೋಡಿ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧ ದೇಶದಲ್ಲೆಲ್ಲ ಜಾರಿಯಲ್ಲಿದೆ. 30 ಕೋಣೆ ಅಥವಾ ಅದಕ್ಕೂ ಹೆಚ್ಚು ಇರುವ ಹೋಟೆಲ್, 30 ಅಥವಾ ಹೆಚ್ಚು ಆಸನದ ರೆಸ್ಟೋರೆಂಟ್‌ಗಳಲ್ಲಿ ಬೇರೆ ಕೋಣೆ ಇರಬಹುದು. ಮಕ್ಕಳು, ವಯಸ್ಸಾದವರು ಇರುವ ಮನೆಯೊಳಗಂತೂ ಬೇಡವೇ ಬೇಡ. ಮರೀನ್ ಡ್ರೈವ್ ಕಟ್ಟೆ ಚೆಂದ ಅನಿಸುತ್ತದೆ, ಆದರೆ ಸಮುದ್ರದ ಗಾಳಿ ಉರಿಯನ್ನು ಊದುತ್ತಲೇ ಇರುತ್ತದೆ. ಒಂದು ಕಡೆ ಬೇಗ ಸುಡುತ್ತದೆ, ಪರಿಮಳ ಮೂಗಿಗೆ ನಿಲ್ಲುವುದೇ ಇಲ್ಲ.

ಕತ್ತರಿಸುವಾಗ ತಲೆಯ, ಅಂದರೆ ಬಾಯಿಗಿಡುವ ತುದಿಯ, ಎಲೆಯ ಟೊಪ್ಪಿಗೆಯನ್ನು ಒಂದೆರಡು ಮಿಲಿಮೀಟರ್ ಮಾತ್ರ ತೆಗೆಯಿರಿ. ಟೊಪ್ಪಿಗೆಯ ಗೆರೆ ದಾಟಿದರೆ ರ್ಯಾಪರ್ ಬಿಚ್ಚಿಕೊಳ್ಳುತ್ತದೆ. ಹಚ್ಚುವ ಮೊದಲೇ ಒಂದು ದಮ್ ಎಳೆಯಿರಿ. ತೀರಾ ಸಲೀಸಾಗಿ ಗಾಳಿ ಬಂದರೆ ಬಿಸಿಯಾಗಿ ಉರಿಯುತ್ತದೆ. ಕೆನ್ನೆ ಗುಳಿ ಬೀಳುವಷ್ಟು ಎಳೆಯಬೇಕಾದರೆ ಒಳಗೆ ಬಿಗಿ. ಈ ತಣ್ಣನೆಯ ದಮ್‌ನಲ್ಲೇ ಎಲೆಯ ಮೊದಲ ರುಚಿ ಸಿಗುತ್ತದೆ. ಪೆಟ್ರೋಲ್ ಲೈಟರ್, ಮೇಣದಬತ್ತಿ ಬೇಡ, ವಾಸನೆ ಹತ್ತುತ್ತದೆ. ಗ್ಯಾಸ್ ಲೈಟರ್ ಅಥವಾ ಉದ್ದ ಕಡ್ಡಿ ಸರಿ. ಜ್ವಾಲೆ ಎಲೆಗೆ ಮುಟ್ಟದಂತೆ ಹಿಡಿದು, ತಿರುಗಿಸುತ್ತಾ ತುದಿಯನ್ನು ಕಾಯಿಸಿ, ಆಮೇಲೆ ಎಳೆಯಿರಿ.

ನಿಮಿಷಕ್ಕೆ ಒಂದು ದಮ್, ಹೆಚ್ಚಿಲ್ಲ. ನಾನು ಇಲ್ಲಿಯವರೆಗೆ ಹೇಳಿದ ಬಿಸಿಯ ಮಾತು ಇಲ್ಲಿ ಕೈಗೆ ಬರುತ್ತದೆ. ಪರಿಮಳ ಕೊಡುವ ಸೂಕ್ಷ್ಮ ಪದಾರ್ಥಗಳು ಹೊರಬರುವುದು ಕೆಂಡದ ಹಿಂದೆ ಬಿಸಿಯಾಗುವ ಎಲೆಯಿಂದ. ಪದೇ ಪದೇ ಎಳೆದರೆ ಕೆಂಡ ಕೆರಳಿ ಅವೂ ಸುಟ್ಟುಹೋಗುತ್ತವೆ. ಉಳಿಯುವುದು ಇದ್ದಿಲ ರುಚಿ.

ನಾಲಗೆ ಹೇಳುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಮಾಂಸದ ಸಾರಿನಲ್ಲಿ ಸಿಗುವಂಥ ರುಚಿ) ಇಷ್ಟೇ. ಕಾಫಿ, ಚರ್ಮ, ಗಂಧದ ಮರ, ಕೋಕೊ, ಹುಲ್ಲು, ಕರಿಮೆಣಸು ಎಂದು ಜನ ಹೇಳುವುದೆಲ್ಲ ಮೂಗಿನ ಮಾತು. ಹಾಗಾಗಿ ಆಗೊಮ್ಮೆ ಈಗೊಮ್ಮೆ ಬಾಯಲ್ಲಿರುವ ಹೊಗೆಯ ಸ್ವಲ್ಪವನ್ನು ಶ್ವಾಸಕೋಶಕ್ಕೆ ಎಳೆಯದೆ ಮೂಗಿನಿಂದ ಬಿಡುತ್ತಾರೆ. ಮೊದಲು ಬಾಯಿಯಿಂದ ಹೆಚ್ಚಿನದನ್ನು ಬಿಟ್ಟು, ಉಳಿದ ಎಳೆಯನ್ನು ಮಾತ್ರ ಮೂಗಿಗೆ ಕೊಡಿ. ಇಲ್ಲದಿದ್ದರೆ ಕಣ್ಣಲ್ಲಿ ನೀರು ಬರುತ್ತದೆ. ಅಂಗಡಿಯ ಕಾಗದದಲ್ಲಿ ಬರೆದ ಪರಿಮಳಗಳನ್ನು ಹುಡುಕಲು ಹೋಗಬೇಡಿ. ನಿಮಗೆ ಹುರಿದ ಕೊತ್ತಂಬರಿ ಕಂಡರೆ ಅದೇ ಸರಿ, ಒಣಹುಲ್ಲಿನ ಕೊಟ್ಟಿಗೆ ಕಂಡರೆ ಅದೂ ಸರಿ. ಬಿಳಿ ಬೂದಿ ಬಂದರೆ ಉತ್ತಮ ಸಿಗಾರ್ ಎಂಬ ಮಾತನ್ನೂ ನಂಬಬೇಡಿ. ಬೂದಿಯ ಬಣ್ಣ ಮಣ್ಣಿನ ಖನಿಜದಿಂದ ಬರುತ್ತದೆ.

ರುಚಿ ಕಲಿಯಲು ನನಗೆ ಇಷ್ಟವಾದ ದಾರಿ ಒಂದಿದೆ. ಹತ್ತು ಬ್ರ್ಯಾಂಡ್ ಸುತ್ತಬೇಡಿ. ಒಂದೇ ಕಂಪನಿಯ ಒಂದೇ ಗಾತ್ರದ ಎರಡು ಸಿಗಾರ್ ತನ್ನಿ, ಒಂದಕ್ಕೆ ಕನೆಕ್ಟಿಕಟ್ ರ್ಯಾಪರ್, ಇನ್ನೊಂದಕ್ಕೆ ಮಡುರೊ. ಎರಡನ್ನೂ ಒಂದೇ ಡಬ್ಬಿಯಲ್ಲಿ ಕೆಲವು ವಾರ ಇಡಿ. ಬೇರೆ ಬೇರೆ ತಿಂಗಳಲ್ಲಿ, ಅದೇ ಹೊತ್ತಿನಲ್ಲಿ, ಪಕ್ಕದಲ್ಲಿ ನೀರು ಮಾತ್ರ ಇಟ್ಟುಕೊಂಡು ನೋಡಿ. ವಿಸ್ಕಿ ಪಕ್ಕದಲ್ಲಿದ್ದರೆ ಯಾವ ರುಚಿ ಯಾವುದರದ್ದು ಎಂದು ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಮದ್ಯ ಮತ್ತು ಹೊಗೆಸೊಪ್ಪು ಸೇರಿದರೆ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಒಂದೊಂದರದ್ದಕ್ಕಿಂತ ತುಂಬಾ ಏರುತ್ತದೆ. ಸೇದುತ್ತಾ ಮೂರು ಗುಣಗಳನ್ನೂ ಬೇರೆ ಬೇರೆ ಗುರುತು ಹಾಕಿಕೊಳ್ಳಿ: ಹೊಡೆತ, ಮಂದ, ಪರಿಮಳ.

ಸಿಗಾರ್ ಮೊದಲಿಂದ ಕೊನೆಯವರೆಗೆ ಒಂದೇ ಥರ ಇರುವುದಿಲ್ಲ. ಹೊಗೆ ಮುಂದಿನ ಎಲೆಯ ಮೂಲಕ ಹಾದುಬರುವಾಗ ಟಾರ್, ನೀರು, ನಿಕೋಟಿನ್ ಅಲ್ಲೇ ಕೂರುತ್ತವೆ. ಕೆಂಡ ಅಲ್ಲಿಗೆ ಬಂದಾಗ ಆ ಸೇರಿದ್ದೆಲ್ಲ ಉರಿಯುತ್ತದೆ. ಮೊದಲ ಮೂರನೇ ಒಂದು ಪಾಲು ತಿಳಿ, ನಡುವಿನದು ತುಂಬು, ಕೊನೆಯದು ಭಾರ. ಕೊನೆಯ ಪಾಲಿನಲ್ಲಿ ಕಹಿ ಶುರುವಾದರೆ ದುಡ್ಡು ಕೊಟ್ಟಿದ್ದೇನೆ ಅಂತ ಎಳೆಯಬೇಡಿ. ಆಗಲೇ ಇಟ್ಟುಬಿಡಿ. ಸಿಗರೇಟಿನ ಹಾಗೆ ಹೊಸಕಿ ಆರಿಸಿದರೆ ಕೋಣೆಯೆಲ್ಲ ನಾರುತ್ತದೆ. ಆ್ಯಶ್‌ಟ್ರೇಯಲ್ಲಿ ಸುಮ್ನೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ತಾನೇ ಆರುತ್ತದೆ. ನಡುವೆ ಆರಿದ್ದನ್ನು ಒಂದು ಗಂಟೆಯೊಳಗೆ ಮತ್ತೆ ಹಚ್ಚಬಹುದು. ಹಚ್ಚುವ ಮೊದಲು ಬೂದಿ ಉದುರಿಸಿ, ಒಂದು ಸಲ ಹೊರಗೆ ಊದಿ ಒಳಗೆ ನಿಂತ ಹಳೆ ಹೊಗೆ ತೆಗೆಯಿರಿ. ರಾತ್ರಿ ಉಳಿದದ್ದನ್ನು ಬೆಳಗ್ಗೆ ಹಚ್ಚಬೇಡಿ, ಡಬ್ಬಿಗಂತೂ ವಾಪಸ್ ಹಾಕಲೇಬೇಡಿ. ಉಳಿದ ಸಿಗಾರ್‌ಗಳಿಗೂ ಆ ವಾಸನೆ ಹತ್ತುತ್ತದೆ.